ಗೇಮ್ ಹಾಕಿದರೆ ಮಾತ್ರ ಪಿಸಿ ರೀಸ್ಟಾರ್ಟ್ ಆಗುತ್ತೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಲೇಬೇಕಾ?

ನಾಲೆಏರಿ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ.

ಪಿಸಿ ಹೀಗಿದೆ: ರೈಜೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8+8 ಜಿಬಿ ಡಿಡಿಆರ್4 ರ‍್ಯಾಮ್, ಆರ್‌ಟಿಎಕ್ಸ್ 3060 12 ಜಿಬಿ ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ). ಎಲ್ಲಾ ಹೊಸದೇ ತಗೊಂಡದ್ದು, ಕಾರ್ಡ್ ಕೂಡ.

ಹಗಲು ಹೊತ್ತು ಏನೂ ತೊಂದರೆ ಇಲ್ಲ. ಸಂಜೆ ಕಾಲೇಜು ಮುಗಿಸಿ ಬಂದು ಗೇಮ್ ಹಾಕಿದರೆ, ಹದಿನೈದು ನಿಮಿಷಕ್ಕೋ ಒಂದು ಗಂಟೆಗೋ ಪಟ್ ಅಂತ ಆಫ್ ಆಗಿ ತಾನೇ ಮತ್ತೆ ಆನ್ ಆಗುತ್ತೆ. ನೀಲಿ ಸ್ಕ್ರೀನ್ ಬರಲ್ಲ. ಬರೀ ವಿಡಿಯೊ ನೋಡುತ್ತಾ ಕೂತರೆ ರಾತ್ರಿಯೆಲ್ಲಾ ಓಡುತ್ತೆ. ಅಂಗಡಿಗೆ ತಗೊಂಡು ಹೋದೆ. ಅಲ್ಲಿ ಒಂದು ಸಲವೂ ಆಫ್ ಆಗಲಿಲ್ಲ. ಆದರೂ ಕಾರ್ಡ್ ವೀಕ್ ಆಗಿದೆ, ಬದಲಿಸಿ ಅಂದರು. ಅಪ್ಪ ಕಬ್ಬಿನ ದುಡ್ಡು ಬಂದಾಗ ಕೊಡಿಸಿದ ಪಿಸಿ ಇದು. ಇನ್ನೊಂದು ಕಾರ್ಡ್ ಕೊಡಿಸಿ ಅಂತ ಕೇಳೋಕೆ ಬಾಯಿ ಬರುತ್ತಿಲ್ಲ.

ಎಫ್‌ಪಿಎಸ್ ಗೌಡ, ಮಂಡ್ಯ

ಎಸ್‌ಎಂಪಿಎಸ್ ಹೋಗಿದೆ. 550 ಸಾಲಲ್ಲ. 750 ಗೋಲ್ಡ್ ಹಾಕು, ನೆಮ್ಮದಿಯಾಗಿರು.

ಸ್ಕ್ರೂಡ್ರೈವರ್, ಕುವೆಂಪುನಗರ

ಗೌಡ್ರೇ, ಯಾಕೆ ಸಾಲಲ್ಲ? 3060 ಎಳೆಯುವುದು 170 ವ್ಯಾಟ್. 5600 ಎಷ್ಟು ಎಳೆದರೂ 76 ವ್ಯಾಟ್ ಆಸುಪಾಸು. ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಎಲ್ಲಾ ಸೇರಿಸಿದರೂ 300 ಚಿಲ್ಲರೆ. ಎನ್‌ವಿಡಿಯಾದವರೇ 3060ಗೆ 550 ವ್ಯಾಟ್ ಅಂತ ಬರೆದಿದ್ದಾರೆ. ಇನ್ನು ಗೋಲ್ಡ್, ಬ್ರಾಂಜ್ ಅನ್ನುವುದು ಕರೆಂಟ್ ಎಷ್ಟು ವೇಸ್ಟ್ ಆಗುತ್ತೆ ಅನ್ನುವ ಲೆಕ್ಕ. ಒಳಗಿನ ಮಾಲು ಎಷ್ಟು ಗಟ್ಟಿ ಅನ್ನುವುದಕ್ಕೆ ಅದು ಸರ್ಟಿಫಿಕೇಟ್ ಅಲ್ಲ.

ನಾಲೆಏರಿ, ಏನನ್ನೂ ಕೊಳ್ಳಬೇಡ. ಮೊದಲು ಇಷ್ಟು ನೋಡಿ ಹೇಳು. ವಿಂಡೋಸ್‌ನಲ್ಲಿ ಈವೆಂಟ್ ವ್ಯೂಯರ್ ತೆಗೆದು ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್‌ಗೆ ಹೋಗು. ಆಫ್ ಆದ ಹೊತ್ತಿನಲ್ಲಿ ಕರ್ನಲ್ ಪವರ್ 41 ಅಂತ ಒಂದು ಎರರ್ ಇರುತ್ತೆ. ಅದನ್ನು ತೆರೆದರೆ ಬಗ್‌ಚೆಕ್ ಕೋಡ್ ಕಾಣುತ್ತೆ. ಸೊನ್ನೆ ಇದ್ದರೆ ವಿಂಡೋಸ್‌ಗೆ ಬರೆದಿಡೋಕೂ ಟೈಮ್ ಸಿಗದೆ ಪಿಸಿ ಸತ್ತಿದೆ ಅಂತ ಅರ್ಥ. ಬೇರೆ ನಂಬರ್ ಇದ್ದರೆ ಡ್ರೈವರ್ ಅಥವಾ ರ‍್ಯಾಮ್ ಕಡೆ ನೋಡಬೇಕು. ಪಕ್ಕದಲ್ಲೇ ಡಬ್ಲ್ಯುಎಚ್ಇಎ (ಹಾರ್ಡ್‌ವೇರ್ ತಪ್ಪಿನ) ಎರರ್ ಇದ್ದರೆ ಅದನ್ನೂ ಹೇಳು.

ಬೆಲ್ಲದಚ್ಚು, ಮದ್ದೂರು

ಬಿಸಿ ಆಗ್ತಿದೆಯಾ ನೋಡಪ್ಪ ಮೊದಲು. ಕಬ್ಬು ಕಡಿಯುವ ಕಾಲದಲ್ಲಿ ತರಗು ಸುಟ್ಟರೆ ಕರಿ ಮನೆಯೊಳಗೆ ಬರುತ್ತೆ. ನಮ್ಮ ಆಲೆಮನೆ ಪಕ್ಕದ ರೂಮಿನಲ್ಲಿ ಪಿಸಿ ಇತ್ತು. ಕೂಲರ್ ಬಿಚ್ಚಿದರೆ ಫಿನ್ ಮಧ್ಯೆ ಕಪ್ಪು ಕಂಬಳಿ ಹೊದಿಸಿದ ಹಾಗೆ ಧೂಳು. ಬ್ಲೋವರ್ ಹೊಡೆದೆ, ಹೊಸ ಪೇಸ್ಟ್ ಹಾಕಿದೆ, 20 ಡಿಗ್ರಿ ಇಳಿಯಿತು. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದುಕೋ. ಸುಮ್ನೆ ಬಿಟ್ಟರೆ ಸಿಕ್ಕಾಪಟ್ಟೆ ಸ್ಪೀಡಿನಲ್ಲಿ ತಿರುಗಿ ಬೇರಿಂಗ್ ಹೋಗುತ್ತೆ.

ಸ್ಕ್ರೂಡ್ರೈವರ್, ಕುವೆಂಪುನಗರ

ಧೂಳು ತೆಗೆಯುವುದು ಒಳ್ಳೆಯದೇ. ಆದರೆ ಬಿಸಿಗೆ ಹೀಗೆ ಪಟ್ ಅಂತ ಆಫ್ ಆಗುವುದು ಕಡಿಮೆ. 5600 90 ಡಿಗ್ರಿ ಮುಟ್ಟಿದರೆ ಮೊದಲು ಸ್ಪೀಡ್ ಇಳಿಸಿಕೊಳ್ಳುತ್ತೆ. ಕಾರ್ಡ್ ಕೂಡ ಹಾಗೇ. ಗೇಮ್ ಎಳೆಯೋಕೆ ಶುರುವಾಗುತ್ತೆ, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಬೀಳುತ್ತೆ, ನಿನಗೆ ಮೊದಲೇ ಗೊತ್ತಾಗುತ್ತೆ. ಯಾವುದಕ್ಕೂ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ಹಾಕಿ ಎಷ್ಟು ಡಿಗ್ರಿ ಅಂತ ಹೇಳು.

ನಾಲೆಏರಿ, ಪಾಂಡವಪುರ

ನೋಡಿದೆ ಅಣ್ಣ. ಕರ್ನಲ್ ಪವರ್ 41 ಸಾಲಾಗಿ ಇದೆ, ಎಲ್ಲದರಲ್ಲೂ ಬಗ್‌ಚೆಕ್ ಕೋಡ್ ಸೊನ್ನೆ. ಡಬ್ಲ್ಯುಎಚ್ಇಎ ಒಂದೂ ಇಲ್ಲ. ಗೇಮ್‌ನಲ್ಲಿ ಪ್ರೊಸೆಸರ್ 72, ಕಾರ್ಡ್ 68 ಡಿಗ್ರಿ.

ಇನ್ನೊಂದು ವಿಷಯ. ಆಫ್ ಆಗುವ ಹೊತ್ತಿಗೆ ಟ್ಯೂಬ್‌ಲೈಟ್ ಒಂದು ಸಲ ಮಿಣುಕ್ ಅನ್ನುತ್ತೆ. ನಮ್ಮದು ತೋಟದ ಮನೆ. ಇಡೀ ಮನೆಗೆ ಒಂದೇ ಇನ್ವರ್ಟರ್, ಪಿಸಿಯೂ ಅದರಲ್ಲೇ. ಕ್ಯಾಬಿನೆಟ್ ಮುಟ್ಟಿದರೆ ಕೆಲವೊಮ್ಮೆ ಜುಮ್ ಅನ್ನುತ್ತೆ, ಅದು ಎಲ್ಲರ ಮನೆಯಲ್ಲೂ ಇರುತ್ತೆ ಅಲ್ವಾ?

ಹಲ್ಲಿಕಾಟ, ಶ್ರೀರಂಗಪಟ್ಟಣ

ಇರಲ್ಲ ತಮ್ಮಾ! ಜುಮ್ ಅನ್ನಬಾರದು!

ವೈರಿಂಗ್ ಅಕ್ಕ, ಸರಸ್ವತಿಪುರಂ

ಟ್ಯೂಬ್‌ಲೈಟ್ ಮಿಣುಕುತ್ತೆ ಅಂದೆಯಲ್ಲಾ, ಅಲ್ಲೇ ಇದೆ ವಿಷಯ. ನಾನು ಎಲೆಕ್ಟ್ರಿಕಲ್ ಕೆಲಸದವಳು, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಎಸ್‌ಎಂಪಿಎಸ್ ಒಳಗೆ ಒಂದು ದೊಡ್ಡ ಕೆಪಾಸಿಟರ್ ಇರುತ್ತೆ. ಕರೆಂಟ್ ಕಣ್ಣು ಮಿಟುಕಿಸಿದಾಗ ಪಿಸಿ ಅದರಲ್ಲಿ ಉಳಿದಿರುವುದರ ಮೇಲೆ ನಡೆಯುತ್ತೆ. ಪಿಸಿ ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ನಿಯಮದ ಪ್ರಕಾರ ಹೆಚ್ಚಿನ ಲೋಡ್‌ನಲ್ಲಿ ಸುಮಾರು 16–17 ಮಿಲಿಸೆಕೆಂಡ್ ತಡೆಯಬೇಕು. ನಮ್ಮ 50 ಹರ್ಟ್ಸ್ ಕರೆಂಟ್‌ನ ಒಂದು ಸುತ್ತು 20 ಮಿಲಿಸೆಕೆಂಡ್. ಅಂದರೆ ಒಂದು ಸುತ್ತೂ ಇಲ್ಲ. ಆದರೆ ವಿಡಿಯೊ ನೋಡುವಾಗ ಪಿಸಿ ಎಳೆಯುವುದು ಕಡಿಮೆ, ಅದೇ ಕೆಪಾಸಿಟರ್ ಎಷ್ಟೋ ಜಾಸ್ತಿ ಹೊತ್ತು ತಡೆಯುತ್ತೆ. ಗೇಮ್ ಹಾಕಿದರೆ ಬೇಗ ಖಾಲಿ. ಅದಕ್ಕೇ ಗೇಮ್‌ನಲ್ಲಿ ಮಾತ್ರ ಆಫ್ ಆಗುತ್ತಿದೆ. ಕಾರ್ಡ್ ಮೇಲೆ ಅನುಮಾನ ಬರುವುದೂ ಇದಕ್ಕೇ.

ಈಗ ನಿನ್ನ ಇನ್ವರ್ಟರ್. ಅದರ ಹಿಂದೆ ಅಥವಾ ಮುಂದೆ ಒಂದು ಸಣ್ಣ ಸ್ವಿಚ್ ಇರುತ್ತೆ. ಒಂದು ಕಡೆ ನಾರ್ಮಲ್ ಅಥವಾ ಇಕೋ, ಇನ್ನೊಂದು ಕಡೆ ಯುಪಿಎಸ್. ಇಕೋದಲ್ಲಿ ಸುಮಾರು 100ರಿಂದ 290 ವೋಲ್ಟ್ ತನಕ ಹೊರಗಿನ ಕರೆಂಟನ್ನೇ ಮನೆಗೆ ಬಿಡುತ್ತೆ. ಬ್ಯಾಟರಿಗೆ ಬದಲಾಯಿಸುವುದೂ ನಿಧಾನ. ಫ್ಯಾನು, ಲೈಟಿಗೆ ನಡೆಯುತ್ತೆ, ಪಿಸಿಗೆ ನಡೆಯಲ್ಲ. ಯುಪಿಎಸ್ ಕಡೆ ಹಾಕಿದರೆ ಸುಮಾರು 180ರಿಂದ 260ರ ಒಳಗಿನದು ಮಾತ್ರ ಬಿಡುತ್ತೆ, ಬದಲಾಯಿಸುವುದೂ ಬೇಗ. ಎಷ್ಟೋ ಮನೆಯಲ್ಲಿ ಫಿಟ್ ಮಾಡಿದವರು ಇಕೋದಲ್ಲೇ ಬಿಟ್ಟು ಹೋಗಿರುತ್ತಾರೆ. ಹೋಗಿ ನೋಡು.

ಸಂಜೆ ಯಾಕೆ ಅಂದರೆ, ಪಂಪ್‌ಸೆಟ್. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯಲ್ಲಿ ಲೈನ್ ಬೇರೆ ಮಾಡಿದ್ದಾರೆ. ತೋಟದ ಮನೆ ಸಾಮಾನ್ಯವಾಗಿ ಪಂಪ್‌ಸೆಟ್ ಲೈನ್‌ನಲ್ಲೇ ಇರುತ್ತೆ. ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಮೋಟಾರ್‌ಗಳೆಲ್ಲಾ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತೆ. ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಎಳೆಯುತ್ತೆ.

ಜುಮ್ ಅನ್ನುವುದು ಅರ್ಥಿಂಗ್ ಇಲ್ಲದ್ದಕ್ಕೆ. ಎಸ್‌ಎಂಪಿಎಸ್ ಫಿಲ್ಟರ್‌ನಿಂದ ಒಂದಿಷ್ಟು ಸಣ್ಣ ಕರೆಂಟ್ ಬಾಡಿಗೆ ಬರುವುದು ಸಹಜ, ಅದು ಅರ್ಥ್ ವೈರ್‌ನಲ್ಲಿ ಇಳಿದುಹೋಗಬೇಕು. ಇಳಿಯೋಕೆ ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ನಿಲ್ಲುತ್ತೆ. ಮೀಟರ್ ಇಟ್ಟರೆ 100–115 ವೋಲ್ಟ್ ತೋರಿಸುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡೂ ಅಳೆಸು. ಮೊದಲನೆಯದು 230ರ ಹತ್ತಿರ ಇರಬೇಕು, ಎರಡನೆಯದು ಎರಡು ಮೂರು ವೋಲ್ಟ್ ಒಳಗೆ.

ಎಫ್‌ಪಿಎಸ್ ಗೌಡ, ಮಂಡ್ಯ

ಅಕ್ಕಾ, ಅಷ್ಟೆಲ್ಲಾ ಯಾಕೆ? ಒಂದು ಸ್ಟೆಬಿಲೈಜರ್ ಹಾಕಿದರೆ ಆಯ್ತು. ಪ್ಲಗ್ ಪಾಯಿಂಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವೈರ್ ಕೊಟ್ಟರೆ ಜುಮ್ ಅನ್ನೋದೂ ನಿಲ್ಲುತ್ತೆ. ನಮ್ಮ ಕಡೆ ತುಂಬಾ ಜನ ಹಾಗೇ ಮಾಡುತ್ತಾರೆ.

ವೈರಿಂಗ್ ಅಕ್ಕ, ಸರಸ್ವತಿಪುರಂ

ದಯವಿಟ್ಟು ಯಾರೂ ಆ ವೈರ್ ಕೊಡಬೇಡಿ. ಕೈ ಮುಗಿದು ಹೇಳುತ್ತೇನೆ. ಹೊರಗೆ ಕಂಬದಲ್ಲಿ ನ್ಯೂಟ್ರಲ್ ಕಿತ್ತುಹೋದರೆ ಮನೆಯ ಫೇಸ್ ಎಲ್ಲಾ ಆ ತುಂಡು ವೈರ್ ಮೂಲಕ ಕ್ಯಾಬಿನೆಟ್‌ಗೆ ಬರುತ್ತೆ. ಜುಮ್ ಅನ್ನುವುದಿಲ್ಲ, ಜೀವ ಹೋಗುತ್ತೆ. ಗೀಸರ್, ಫ್ರಿಜ್ ಬಾಡಿಗೂ ಅದೇ ಗತಿ. ಅರ್ಥಿಂಗ್ ಅಂದರೆ ಗುಂಡಿ ತೋಡಿ ರಾಡ್ ಅಥವಾ ಪೈಪ್ ಇಳಿಸಿ, ಇದ್ದಿಲು ಉಪ್ಪು ಹಾಕಿ, ಅಲ್ಲಿಂದ ಬೋರ್ಡ್ ತನಕ ಬೇರೆ ವೈರ್ ಎಳೆಯುವುದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು. ಜೊತೆಗೆ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಇನ್ನೂ ಒಳ್ಳೆಯದು.

ಸ್ಟೆಬಿಲೈಜರ್ ವಿಷಯ. ಮಾಮೂಲಿ ರಿಲೇ ಸ್ಟೆಬಿಲೈಜರ್ ಟಕ್ ಟಕ್ ಅಂತ ಹೆಜ್ಜೆ ಬದಲಿಸುವಾಗ ಅದೂ ಒಂದು ಕ್ಷಣ ಬಿಡುತ್ತೆ. ಆಕ್ಟಿವ್ ಪಿಎಫ್‌ಸಿ (ವೋಲ್ಟೇಜ್ ಏರಿಳಿದರೂ ಹೊಂದಿಕೊಳ್ಳುವ ಸರ್ಕ್ಯೂಟ್) ಇರುವ ಒಳ್ಳೆಯ ಎಸ್‌ಎಂಪಿಎಸ್ ಮೇಲೆ 100–240 ವೋಲ್ಟ್ ಅಂತ ಬರೆದಿರುತ್ತೆ. ಅದಕ್ಕೆ ಸ್ಟೆಬಿಲೈಜರ್ ಬೇಕಿಲ್ಲ. 150 ವೋಲ್ಟ್ ಬಂದರೂ ಓಡುತ್ತೆ, ಪೂರ್ತಿ ತಪ್ಪಿದರೆ ಮಾತ್ರ ಸಾಯುತ್ತೆ. 200–240 ಅಂತ ಮಾತ್ರ ಬರೆದಿರುವ ಅಗ್ಗದ ಎಸ್‌ಎಂಪಿಎಸ್‌ಗೆ ಲೋ ವೋಲ್ಟೇಜೇ ಶತ್ರು.

ಸ್ಕ್ರೂಡ್ರೈವರ್, ಕುವೆಂಪುನಗರ

ಅಕ್ಕ ಹೇಳಿದ್ದಕ್ಕೆ ನೂರಕ್ಕೆ ನೂರು. ಜೊತೆಗೆ ಒಂದು ಟೆಸ್ಟ್ ಮಾಡು ತಮ್ಮಾ. ಹಗಲಲ್ಲಿ ಕರೆಂಟ್ ಸರಿಯಾಗಿದ್ದಾಗ ಒಸಿಸಿಟಿ ಸಾಫ್ಟ್‌ವೇರ್‌ನ ಪವರ್ ಟೆಸ್ಟ್ ಹಾಕಿ ಅರ್ಧ ಗಂಟೆ ಬಿಡು. ಪ್ರೊಸೆಸರ್, ಕಾರ್ಡ್ ಎರಡನ್ನೂ ಒಟ್ಟಿಗೆ ಹಿಂಡುತ್ತೆ. ಆಫ್ ಆಗದೆ ಪೂರ್ತಿ ಓಡಿದರೆ ಕಾರ್ಡ್‌ಗೂ ಎಸ್‌ಎಂಪಿಎಸ್‌ಗೂ ಬಹುತೇಕ ಏನೂ ಆಗಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಸ್ವಿಚ್ಚು, ಡ್ರೈವರು, ರ‍್ಯಾಮು ಎಲ್ಲಾ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಹಲ್ಲಿಕಾಟ, ಶ್ರೀರಂಗಪಟ್ಟಣ

ತೋಟದ ಮನೆ ಅಂದಮೇಲೆ ಇದನ್ನೂ ಕೇಳಿ. ಕ್ಯಾಬಿನೆಟ್ ಹಿಂದೆ ಖಾಲಿ ಸ್ಲಾಟ್‌ನ ತಗಡಿನ ಪಟ್ಟಿ ತೆಗೆದಿದ್ದರೆ ಮತ್ತೆ ಹಾಕಿ. ನಮ್ಮ ಮನೆಯಲ್ಲಿ ಅಲ್ಲಿಂದ ಹಲ್ಲಿ ಒಳಗೆ ಹೋಗಿ, ಬಿಸಿಗೆ ಎಸ್‌ಎಂಪಿಎಸ್ ಒಳಗೆ ಸೇರಿ, ಢಮ್ ಅಂತು. ಅದರ ಜೊತೆ ಬೋರ್ಡೂ ಹೋಯ್ತು. ಫ್ಯಾನ್ ಜಾಗಕ್ಕೆ ಸಣ್ಣ ಕಣ್ಣಿನ ಮ್ಯಾಗ್ನೆಟ್ ಜಾಲರಿ ಸಿಗುತ್ತೆ, ಇರುವೆಗೂ ಧೂಳಿಗೂ ಆಗುತ್ತೆ.

ಬೆಲ್ಲದಚ್ಚು, ಮದ್ದೂರು

ಇರುವೆ ನಿಜ. ರೂಟರ್ ಒಳಗೂ ಗೂಡು ಕಟ್ಟಿದ್ದವು ನಮ್ಮಲ್ಲಿ.

ಸಂತೆಪೇಟೆ ಸೋಲ್ಡರ್, ಮೈಸೂರು

ಸ್ವಲ್ಪ ಬೇರೆ ಮಾತು. ಎಲ್ಲರೂ ಕಂಪ್ಯೂಟರ್ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ತರುತ್ತೀರಲ್ಲಾ, ರೈಲು ಚಾರ್ಜು, ಒಂದು ದಿನದ ರಜೆ ಲೆಕ್ಕ ಹಾಕಿದರೆ ಏನು ಉಳಿಯುತ್ತೆ? ಮೈಸೂರಲ್ಲೇ ತಗೊಂಡರೆ ಕೆಟ್ಟಾಗ ಹೋಗಿ ನಿಲ್ಲಬಹುದು.

ಎಫ್‌ಪಿಎಸ್ ಗೌಡ, ಮಂಡ್ಯ

ನಿಂತರೂ ಕಾರ್ಡ್ ವೀಕ್ ಅಂತಾರಲ್ಲ ಗುರು, ಈ ಹುಡುಗನಿಗೆ ಹೇಳಿದ ಹಾಗೆ!

ಸಂತೆಪೇಟೆ ಸೋಲ್ಡರ್, ಮೈಸೂರು

ಒಬ್ಬರು ಹೇಳಿದರೆ ಎಲ್ಲರೂ ಹಾಗೇನಾ? ಎಲ್ಲಿ ತಗೊಂಡರೂ ಜಿಎಸ್‌ಟಿ ಬಿಲ್ ತಗೋ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸು. ವಾರಂಟಿ ಕೊಡುವುದು ಕಂಪನಿ. ಬಿಲ್ ಇದ್ದರೆ ನೀನೇ ಸರ್ವಿಸ್ ಸೆಂಟರ್‌ಗೆ ಹೋಗಬಹುದು. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ಕಣ್ಣೆದುರಿಗೇ ಅರ್ಧ ಗಂಟೆ ಲೋಡ್ ಹಾಕಿಸಿ ನೋಡದೆ ದುಡ್ಡು ಕೊಡಬೇಡ. ಫ್ಯಾನ್ ಕರಕರ ಅನ್ನುತ್ತಾ, ಸ್ಕ್ರೂ ಮೇಲೆ ಗೀರು ಇದೆಯಾ, ಹಿಂದಿನ ಪೋರ್ಟ್‌ಗಳೆಲ್ಲಾ ಕೆಲಸ ಮಾಡುತ್ತವಾ ಎಲ್ಲಾ ನೋಡು.

ನಾಲೆಏರಿ, ಪಾಂಡವಪುರ

ಅಕ್ಕಾ, ಸ್ವಿಚ್ ಇಕೋ ಕಡೆಯೇ ಇತ್ತು! ಯುಪಿಎಸ್ ಕಡೆಗೆ ಹಾಕಿದೆ. ಅವತ್ತಿನಿಂದ ಸಂಜೆ ಹೊತ್ತು ಗೇಮ್‌ನಲ್ಲಿ ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ. ಹಗಲಲ್ಲಿ ಒಸಿಸಿಟಿಯೂ ಪಾಸ್. ಎಲೆಕ್ಟ್ರಿಷಿಯನ್ ಬಂದು ನೋಡಿದರು, ಅರ್ಥ್ ವೈರ್ ಬೋರ್ಡ್ ತನಕ ಬಂದೇ ಇರಲಿಲ್ಲ, ಪಾಯಿಂಟ್ ಹಿಂದೆ ಸುತ್ತಿ ಬಿಟ್ಟಿದ್ದರು. ಗುಂಡಿ ತೋಡಿಸುತ್ತಿದ್ದೇವೆ.

ಈಗ ಹೊಸ ತೊಂದರೆ. ಸಂಜೆ ವೋಲ್ಟೇಜ್ 170ಕ್ಕೆ ಇಳಿದರೆ ಇನ್ವರ್ಟರ್ ಬ್ಯಾಟರಿ ಮೇಲೇ ಓಡುತ್ತೆ. ಆಮೇಲೆ ಕರೆಂಟ್ ಹೋದರೆ ಮನೆಯವರಿಗೆ ಫ್ಯಾನ್ ಇಲ್ಲ. ಅಮ್ಮ ಬೈತಾರೆ.

ವೈರಿಂಗ್ ಅಕ್ಕ, ಸರಸ್ವತಿಪುರಂ

ಅಮ್ಮ ಬೈಯುವುದು ಸರಿಯಾಗಿದೆ. ಮನೆ ಇನ್ವರ್ಟರ್ ಮತ್ತೆ ಇಕೋಗೆ ಹಾಕು. ಪಿಸಿಗೇ ಅಂತ ಒಂದು ಲೈನ್-ಇಂಟರಾಕ್ಟಿವ್ ಯುಪಿಎಸ್ ತಗೋ. ಅದರಲ್ಲಿ ಎವಿಆರ್ ಇರುತ್ತೆ, 170 ವೋಲ್ಟ್ ಬಂದರೆ ಬ್ಯಾಟರಿ ಮುಟ್ಟದೆ ಮೇಲೆತ್ತಿ ಕೊಡುತ್ತೆ. ಎಷ್ಟು ವೋಲ್ಟ್‌ನಿಂದ ಎತ್ತುತ್ತೆ ಅಂತ ಡಬ್ಬದ ಮೇಲೆ ನೋಡಿಯೇ ತಗೋ, 145–150ರಿಂದ ಶುರುವಾಗುವುದು ನಿನಗೆ ಸರಿ. 600 ವಿಎ ಬೇಡ. ಅದು ವ್ಯಾಟ್ ಲೆಕ್ಕದಲ್ಲಿ 360ರ ಹತ್ತಿರ, ಮಾನಿಟರ್ ಸೇರಿದರೆ ಅಂಚಿಗೆ ಬಂತು. 1 ಕೆವಿಎ ತಗೋ. ಆ ಯುಪಿಎಸ್ ಅನ್ನು ಇನ್ವರ್ಟರ್ ಇಲ್ಲದ ನೇರ ಲೈನ್‌ಗೆ ಕೊಡು. ಕರೆಂಟ್ ಹೋದರೆ ಐದು ಹತ್ತು ನಿಮಿಷ ಸಿಗುತ್ತೆ, ಸೇವ್ ಮಾಡಿ ಆಫ್ ಮಾಡು.

ನಾಲೆಏರಿ, ಪಾಂಡವಪುರ

ಕಾರ್ಡ್‌ಗಿಂತ ಎಷ್ಟೋ ಕಡಿಮೆಗೆ ಮುಗಿಯಿತು. ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಅಣ್ಣ.

ಬೋಗಾದಿ ಬಾಯ್, ಮೈಸೂರು

ಇದೇ ಥ್ರೆಡ್‌ನಲ್ಲಿ ಕೇಳಿಬಿಡುತ್ತೇನೆ. ನಂದೂ ಬಿ450. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತು ಅಂತ 11 ಹಾಕಿದೆ. ವ್ಯಾಲೊರಂಟ್ ಗೇಮ್ ಟಿಪಿಎಂ (ಸೆಕ್ಯೂರಿಟಿ ಚಿಪ್) ಕೇಳಿತು, ಬಯೋಸ್‌ನಲ್ಲಿ (ಬೋರ್ಡ್‌ನ ಒಳ ಸೆಟ್ಟಿಂಗ್) ಎಫ್‌ಟಿಪಿಎಂ, ಅಂದರೆ ಪ್ರೊಸೆಸರ್ ಒಳಗಿನ ಟಿಪಿಎಂ, ಆನ್ ಮಾಡಿದೆ. ಈಗ ಆಗಾಗ ಒಂದೆರಡು ಸೆಕೆಂಡ್ ಎಲ್ಲಾ ಕಚ್ಚಿಕೊಳ್ಳುತ್ತೆ, ಸೌಂಡ್ ಕೂಡ ಗೊರಗೊರ. ರ‍್ಯಾಮ್ 16 ಜಿಬಿ ಇರುವುದನ್ನು 32 ಮಾಡಿದರೆ ಹೋಗುತ್ತಾ?

ಎಫ್‌ಪಿಎಸ್ ಗೌಡ, ಮಂಡ್ಯ

16 ಈಗ ಯಾವುದಕ್ಕೂ ಸಾಲಲ್ಲ. 32 ಹಾಕು.

ಸ್ಕ್ರೂಡ್ರೈವರ್, ಕುವೆಂಪುನಗರ

ವ್ಯಾಲೊರಂಟ್‌ಗೆ 16 ಬೇಕಾದಷ್ಟಾಯಿತು. 2025ರ ಕೊನೆಯಿಂದ ರ‍್ಯಾಮ್ ರೇಟ್ ಏರಿರುವುದನ್ನು ನೋಡಿದ್ದೀರಾ ಗೌಡ್ರೇ? ಸುಮ್ನೆ ಯಾಕೆ ಹಾಕಿಸಬೇಕು?

ಬೋಗಾದಿ, ನೀನು ಹೇಳುತ್ತಿರುವುದು ಎಎಂಡಿಯ ಗೊತ್ತಿರುವ ತೊಂದರೆ. ಎಫ್‌ಟಿಪಿಎಂ ಆನ್ ಇದ್ದಾಗ ಹಳೆಯ ಬಯೋಸ್‌ನಲ್ಲಿ ಹೀಗೇ ಸೌಂಡ್ ಸಮೇತ ಕಚ್ಚಿಕೊಳ್ಳುತ್ತೆ. 2022ರಲ್ಲಿ ಎಎಂಡಿಯೇ ಒಪ್ಪಿಕೊಂಡು ಸರಿಪಡಿಸಿತು. ಅಜೆಸಾ (ಬಯೋಸ್ ಒಳಗಿನ ಎಎಂಡಿ ಕೋಡ್) 1.2.0.7 ಅಥವಾ ಅದಕ್ಕಿಂತ ಹೊಸದಿರುವ ಬಯೋಸ್ ಹಾಕು. ಸಿಪಿಯು-ಜೆಡ್ ಸಾಫ್ಟ್‌ವೇರ್ ತೆರೆದರೆ ಈಗಿನ ಬಯೋಸ್ ತಾರೀಖು ಕಾಣುತ್ತೆ. 2022ಕ್ಕಿಂತ ಹಿಂದಿನದಾದರೆ ಅನುಮಾನವೇ ಬೇಡ.

ಬೋರ್ಡ್ ಕಂಪನಿಯ ಸೈಟಿಗೆ ಹೋಗಿ ನಿನ್ನ ಮಾಡೆಲ್, ರಿವಿಷನ್ ಎರಡೂ ಸರಿಯಾಗಿ ನೋಡಿ ಡೌನ್‌ಲೋಡ್ ಮಾಡು. ಪೆನ್‌ಡ್ರೈವ್ ಅನ್ನು ಫ್ಯಾಟ್32 ಮಾಡಿ ಅದಕ್ಕೆ ಹಾಕಿ ಬಯೋಸ್ ಒಳಗಿಂದಲೇ ಅಪ್‌ಡೇಟ್ ಕೊಡು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಲಾಕ್) ಆನ್ ಇದ್ದರೆ ಮೊದಲು ಅದರ ರಿಕವರಿ ಕೀ ಬರೆದಿಟ್ಟುಕೊಂಡು ಸಸ್ಪೆಂಡ್ ಮಾಡು. ಟಿಪಿಎಂ ರೀಸೆಟ್ ಆದರೆ ಕೀ ಕೇಳುತ್ತೆ.

ವೈರಿಂಗ್ ಅಕ್ಕ, ಸರಸ್ವತಿಪುರಂ

ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಮಳೆ ಗಾಳಿ ಇರುವ ದಿನ ಮುಟ್ಟಬೇಡ. ಯುಪಿಎಸ್ ಇದ್ದರೆ ಅದರ ಮೇಲೇ ಮಾಡು.

ಬೋಗಾದಿ ಬಾಯ್, ಮೈಸೂರು

ಅಪ್‌ಡೇಟ್ ಮುಗಿಯಿತು, ಪಿಸಿ ಎದ್ದಿದೆ! ಕಚ್ಚಿಕೊಳ್ಳುವುದು ಹೋಗಿದೆ. ಆದರೆ ಎಫ್‌ಪಿಎಸ್ ಮೊದಲಿಗಿಂತ ಕಡಿಮೆ ಬರ್ತಿದೆ ಅಣ್ಣ, ಯಾಕೆ?

ಸ್ಕ್ರೂಡ್ರೈವರ್, ಕುವೆಂಪುನಗರ

ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಸ್ಪೀಡ್ ನೋಡು, 2133 ಅಥವಾ 2400 ಇರುತ್ತೆ. ಬಯೋಸ್ ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್ ಎಲ್ಲಾ ಅಳಿಸಿರುತ್ತೆ. ಎಕ್ಸ್‌ಎಂಪಿ (ಮೆಮೊರಿಯನ್ನು ಪೂರ್ತಿ ಸ್ಪೀಡಿಗೆ ತರುವ ಸೆಟ್ಟಿಂಗ್) ಮತ್ತೆ ಆನ್ ಮಾಡು, 3200 ಬರುತ್ತೆ. ಎಫ್‌ಟಿಪಿಎಂ, ಸೆಕ್ಯೂರ್ ಬೂಟ್ ಆನ್ ಇವೆಯಾ ಅಂತಲೂ ನೋಡಿಕೋ. ಎರಡು ಕಡ್ಡಿ ರ‍್ಯಾಮ್ ಅಲ್ವಾ? ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದರಲ್ಲಿ ಇರಲಿ.

ಬೋಗಾದಿ ಬಾಯ್, ಮೈಸೂರು

2400 ಇತ್ತು. ಈಗ 3200. ಎಫ್‌ಪಿಎಸ್ ವಾಪಸ್ ಬಂತು.